ಚಾವಣಿಯ ಎ.ಸಿ. ತಂಪು ಕೊಡದಿದ್ದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆರ್‌ವಿ, ಮೋಟಾರ್‌ಹೋಮ್, ಕ್ಯಾರವಾನ್ ಎಂದು ಯಾವ ಹೆಸರಿನಿಂದ ಕರೆದರೂ, ಚಕ್ರದ ಮೇಲಿನ ಈ ಮನೆಗಳ ಚಾವಣಿಯಲ್ಲಿ ಕೂರುವ ಎ.ಸಿ.ಯ ಬಗೆಗೇ ಈ ಬಾರಿ ಹೆಚ್ಚು ಪ್ರಶ್ನೆಗಳು ಬಂದಿವೆ. ಅವುಗಳಲ್ಲಿ ಆರನ್ನು ಆಯ್ದುಕೊಂಡಿದ್ದೇನೆ. ಮೊದಲನೆಯದಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಅಲ್ಲಿ ವಿವರಿಸಿದ ಅಳತೆಗಳನ್ನು ಮುಂದೆ ಮತ್ತೆ ಹೇಳಿಲ್ಲವಾದ್ದರಿಂದ ಉಳಿದ ಪ್ರಶ್ನೆಗಳನ್ನು ಕೇಳಿದವರೂ ಅದನ್ನು ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಆರ್‌ವಿಯ ಚಾವಣಿಯಲ್ಲಿ 13,500 ಬಿಟಿಯು ಸಾಮರ್ಥ್ಯದ, 115 ವೋಲ್ಟಿನ ಎ.ಸಿ. ಇದೆ. ಬೆಳಗ್ಗೆ ಚೆನ್ನಾಗಿ ತಂಪು ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಂಪ್ರೆಸರ್ ನಿಂತುಹೋಗಿ ಬರೀ ಫ್ಯಾನ್ ತಿರುಗುತ್ತದೆ. ಕೆಲವೊಮ್ಮೆ ಬ್ರೇಕರ್ ಟ್ರಿಪ್ ಆಗುತ್ತದೆ. ಸಂಜೆ ತಾನಾಗಿಯೇ ಸರಿಹೋಗುತ್ತದೆ. ಮಧ್ಯಾಹ್ನವೇ ಬಂದು ಮೀಟರ್ ಇಟ್ಟು ನೋಡಿದ ಮೆಕ್ಯಾನಿಕ್ ಒಬ್ಬರು, ಕಂಪ್ರೆಸರ್‌ನ ವೈಂಡಿಂಗ್ (ಮೋಟಾರಿನ ತಂತಿಸುರುಳಿ) ಸುಟ್ಟಿದೆ, ಇಡೀ ಘಟಕವನ್ನೇ ಬದಲಾಯಿಸಬೇಕು ಎಂದರು. ಬದಲಾಯಿಸುವುದು ಅನಿವಾರ್ಯವೇ?

ಉತ್ತರ: ಸದ್ಯಕ್ಕೆ ಬೇಡ. ವೈಂಡಿಂಗ್ ಸುಟ್ಟ ಕಂಪ್ರೆಸರ್ ಸಂಜೆಯಾಯಿತೆಂದು ಮತ್ತೆ ಓಡುವುದಿಲ್ಲ. ನಿಮ್ಮದು ಓಡುತ್ತಿದೆ ಎಂದ ಮೇಲೆ, ಅದು ಅತಿಯಾಗಿ ಕಾದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ ಎಂದೇ ಮೊದಲು ತಿಳಿಯಬೇಕು. ಕಂಪ್ರೆಸರ್‌ನಲ್ಲಿ ಓವರ್‌ಲೋಡ್ ಎಂಬ ರಕ್ಷಕವೊಂದಿರುತ್ತದೆ. ಶಾಖ ಅಥವಾ ಕರೆಂಟು ಮಿತಿ ಮೀರಿದಾಗ ಅದು ಸಂಪರ್ಕವನ್ನು ಕಡಿದು, ತಣಿದ ಮೇಲೆ ಮತ್ತೆ ಜೋಡಿಸುತ್ತದೆ. ಈ ತಣಿಯುವಿಕೆಗೆ ಬಿಸಿಲಿನಲ್ಲಿ ಒಂದು ಗಂಟೆಗೂ ಮೀರಿ ಹಿಡಿಯಬಹುದು. ರಕ್ಷಕವು ಒಳಗೇ ಇರುವ ಕಂಪ್ರೆಸರ್‌ಗಳಲ್ಲಿ, ಅದು ತೆರೆದುಕೊಂಡಿರುವ ಹೊತ್ತಿನಲ್ಲಿ ಮೀಟರ್ ಇಟ್ಟರೆ ಅದರ ಮೂರು ತುದಿಗಳಲ್ಲಿ ಎರಡೂ ವೈಂಡಿಂಗ್‌ಗಳಿಗೆ ಸೇರಿದ ಕಾಮನ್ ತುದಿಯಿಂದ ಉಳಿದೆರಡು ತುದಿಗಳಿಗೆ ಸಂಪರ್ಕವೇ ಇಲ್ಲವೆಂದು ತೋರಿಸುತ್ತದೆ. ಆದರೆ ಸ್ಟಾರ್ಟ್ ಮತ್ತು ರನ್ ಎಂಬ ಆ ಎರಡು ತುದಿಗಳ ನಡುವೆ ಸಂಪರ್ಕ ಇದ್ದೇ ಇರುತ್ತದೆ. ಈ ಮೂರನೆಯ ಅಳತೆಯನ್ನು ತೆಗೆದುಕೊಳ್ಳದೆ ಕಂಪ್ರೆಸರ್ ಸತ್ತಿದೆ ಎಂದು ತೀರ್ಪು ಕೊಟ್ಟಿರುವ ಸಂಭವ ಹೆಚ್ಚು. ಒಳ್ಳೆಯ ಯಂತ್ರಗಳು ಹೀಗೆ ಒಂದು ಅಳತೆಯ ಕೊರತೆಯಿಂದ ಗುಜರಿಗೆ ಹೋಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಬೆಳಗ್ಗೆ ಕಂಪ್ರೆಸರ್ ತಣ್ಣಗಿರುವಾಗ, ವಿದ್ಯುತ್ತನ್ನು ಪೂರ್ತಿ ಕಡಿದು, ಮೂರೂ ಜೋಡಿಗಳನ್ನು ಅಳೆಯಲು ಹೇಳಿ. ಸ್ಟಾರ್ಟ್ ಮತ್ತು ರನ್ ನಡುವಿನ ಓಮ್ ಅಳತೆಯು ಉಳಿದೆರಡು ಅಳತೆಗಳ ಮೊತ್ತಕ್ಕೆ ಸಮನಾಗಿದ್ದು, ಯಾವ ತುದಿಗೂ ಕಂಪ್ರೆಸರ್‌ನ ಲೋಹದ ಮೈಗೂ ಸಂಪರ್ಕ ಇಲ್ಲದಿದ್ದರೆ ವೈಂಡಿಂಗ್ ಆರೋಗ್ಯವಾಗಿದೆ.

ಹಾಗಾದರೆ ಅದು ಕಾಯುತ್ತಿರುವುದೇಕೆ? ಮೊದಲ ಸಂಶಯ ಬರಬೇಕಾದದ್ದು ನಿಮಗೆ ಬರುತ್ತಿರುವ ವಿದ್ಯುತ್ತಿನ ಮೇಲೆ. ಬಿಡಾರದ ಜಾಗದಲ್ಲಿ ಎಲ್ಲರೂ ಎ.ಸಿ. ಹಾಕುವುದು ಮಧ್ಯಾಹ್ನದಲ್ಲೇ, ವೋಲ್ಟೇಜ್ ಕುಸಿಯುವುದೂ ಆಗಲೇ. ಮೋಟಾರಿನ ಆರಂಭದ ತಿರುಚು ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜ್ ಶೇಕಡ 10ರಷ್ಟು ಇಳಿದರೆ ಬಲವು ಶೇಕಡ 19ರಷ್ಟು ಇಳಿಯುತ್ತದೆ. ಓಡುತ್ತಿರುವಾಗಲೂ ಅದೇ ಹೊರೆಯನ್ನು ಎಳೆಯಲು ಮೋಟಾರು ಹೆಚ್ಚು ಕರೆಂಟು ಸೆಳೆದುಕೊಳ್ಳುತ್ತದೆ, ಇನ್ನಷ್ಟು ಕಾಯುತ್ತದೆ. ಆದ್ದರಿಂದ ಎ.ಸಿ. ಓಡುತ್ತಿರುವಾಗಲೇ, ಆರ್‌ವಿಯ ಒಳಗಿನ ಪ್ಲಗ್ ಪಾಯಿಂಟ್‌ನಲ್ಲಿ, ಮಧ್ಯಾಹ್ನದ ಹೊತ್ತಿನಲ್ಲೇ ವೋಲ್ಟೇಜ್ ಅಳೆಯಿರಿ. ಎ.ಸಿ. ನಿಂತಿರುವಾಗ ತೆಗೆದ ಅಳತೆಯಿಂದ ಏನೂ ತಿಳಿಯುವುದಿಲ್ಲ. 115 ವೋಲ್ಟಿನ ಘಟಕಕ್ಕೆ 104ಕ್ಕಿಂತಲೂ, 230 ವೋಲ್ಟಿನ ಘಟಕಕ್ಕೆ 207ಕ್ಕಿಂತಲೂ ಕೆಳಗೆ ಇಳಿದರೆ ತಕ್ಷಣ ಆರಿಸಿಬಿಡಿ.

ಬಿಡಾರದಲ್ಲಿ ವಿದ್ಯುತ್ತು ಕೊಡುವ ಕಂಬದಲ್ಲಿ ವೋಲ್ಟೇಜ್ ಸರಿಯಿದ್ದು ಆರ್‌ವಿಯ ಒಳಗೆ ಮಾತ್ರ ಕಡಿಮೆ ಇದ್ದರೆ ನಡುವಿನ ಕೇಬಲನ್ನು ನೋಡಬೇಕು. 30 ಮೀಟರ್ ಉದ್ದದ, 1.5 ಚದರ ಮಿಲಿಮೀಟರ್ ತಾಮ್ರದ ಎಕ್ಸ್‌ಟೆನ್ಷನ್ ಕೇಬಲ್ ಮೂಲಕ 13 ಆಂಪಿಯರ್ ಹರಿದರೆ, ಹೋಗುವ ಮತ್ತು ಬರುವ ತಂತಿಗಳೆರಡೂ ಸೇರಿ ಸುಮಾರು 9 ವೋಲ್ಟನ್ನು ನುಂಗಿಬಿಡುತ್ತವೆ. ಕಂಪ್ರೆಸರ್ ಎದ್ದೇಳುವ ಆ ಒಂದು ಕ್ಷಣದಲ್ಲಿ ಕರೆಂಟು 60 ಆಂಪಿಯರ್ ಆಸುಪಾಸಿಗೆ ಏರುವುದೂ ಉಂಟು. ಆಗ ಅದೇ ಕೇಬಲ್ 40 ವೋಲ್ಟಿಗೂ ಹೆಚ್ಚು ಕಳೆಯುತ್ತದೆ. ಇಷ್ಟು ಕಳೆದುಕೊಂಡ ಮೇಲೆ ಕಂಪ್ರೆಸರ್ ಎದ್ದೇಳುವುದಾದರೂ ಹೇಗೆ? ಕೇಬಲ್ ದಪ್ಪವಾಗಿರಲಿ, ಗಿಡ್ಡವಾಗಿರಲಿ, ಮಿಕ್ಕಿದ್ದನ್ನು ಸುರುಳಿ ಸುತ್ತಿ ಇಡಬೇಡಿ. ಹಾಗೆಯೇ ಪ್ಲಗ್ಗಿನ ಲೋಹದ ಕಡ್ಡಿಗಳು ಕಪ್ಪಾಗಿವೆಯೇ, ಅವುಗಳ ಸುತ್ತ ಪ್ಲಾಸ್ಟಿಕ್ ಕರಗಿದೆಯೇ ಎಂದು ನೋಡಿ. ಸಡಿಲ ಸಂಪರ್ಕವು ವೋಲ್ಟೇಜನ್ನು ಕಳೆಯುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದು ಬೆಂಕಿಗೂ ಕಾರಣವಾಗುತ್ತದೆ. ಅಂಥ ಪ್ಲಗ್ ಸಿಕ್ಕರೆ ಬೇರೆ ಯಾವ ಪರೀಕ್ಷೆಗೂ ಮೊದಲು ಅದನ್ನು ಬದಲಾಯಿಸಿ.

ವಿದ್ಯುತ್ತು ಸರಿಯಿದ್ದರೆ ಚಾವಣಿಯ ಮೇಲಿನ ಕಂಡೆನ್ಸರ್ ಕಡೆಗೆ ಗಮನ ಕೊಡಿ. ಒಳಗಿನಿಂದ ಹೊತ್ತುತಂದ ಶಾಖವನ್ನು ಹೊರಗಿನ ಗಾಳಿಗೆ ಬಿಡುವ ಭಾಗ ಅದು. 13,500 ಬಿಟಿಯು ಎಂದರೆ ಗಂಟೆಗೆ ಅಷ್ಟು ಶಾಖವನ್ನು, ಅಂದರೆ ಸರಿಸುಮಾರು 4 ಕಿಲೋವ್ಯಾಟ್ ದರದಲ್ಲಿ, ಒಳಗಿನಿಂದ ತೆಗೆಯಬೇಕು. ಕಂಡೆನ್ಸರ್ ಅದರ ಜೊತೆಗೆ ಕಂಪ್ರೆಸರ್ ತಾನೇ ಹುಟ್ಟಿಸಿದ ಶಾಖವನ್ನೂ ಹೊರಹಾಕಬೇಕು. ಅದರ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು, ಎಲೆ, ಕೀಟಗಳ ಗೂಡು ತುಂಬಿದರೆ, ಅಥವಾ ಆಲಿಕಲ್ಲು ಬಡಿದೋ ಮರದ ಕೊಂಬೆ ತಗುಲಿಯೋ ರೆಕ್ಕೆಗಳು ಮಡಚಿಕೊಂಡಿದ್ದರೆ, ಶಾಖ ಹೊರಹೋಗದೆ ಒಳಗಿನ ಒತ್ತಡ ಏರುತ್ತದೆ, ಅದರೊಂದಿಗೆ ಕರೆಂಟೂ ಏರುತ್ತದೆ. ಬೆಳಗ್ಗೆ ಹೊರಗಿನ ಗಾಳಿ ತಂಪಾಗಿರುವುದರಿಂದ ಈ ದೋಷ ಮರೆಯಾಗಿರುತ್ತದೆ. ಮಧ್ಯಾಹ್ನ ಚಾವಣಿಯ ಮೇಲ್ಮೈ ಕಾದು, ಅದರ ಮೇಲಿನ ಬಿಸಿಗಾಳಿಯನ್ನೇ ಫ್ಯಾನ್ ಎಳೆದುಕೊಳ್ಳಬೇಕಾಗಿ ಬಂದಾಗ ಬಯಲಾಗುತ್ತದೆ. ಮೇಲ್ಮುಚ್ಚಳ ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಮೋಟಾರು ಮತ್ತು ವೈರಿಂಗ್‌ಗೆ ನೀರು ತಾಗದಂತೆ ಮುಚ್ಚಿ, ನಿಧಾನವಾದ ನೀರಿನಿಂದ ಒಳಬದಿಯಿಂದ ಹೊರಬದಿಗೆ ತೊಳೆಯಿರಿ. ವಾಹನ ತೊಳೆಯುವ ಪ್ರೆಷರ್ ವಾಷರ್ ಬೇಡವೇ ಬೇಡ, ಅದರ ರಭಸಕ್ಕೆ ಆ ರೆಕ್ಕೆಗಳು ಒಂದೇ ಏಟಿಗೆ ಮಲಗಿಬಿಡುತ್ತವೆ.

ಈ ಎರಡೂ ಸರಿಯಾಗಿದ್ದು ತೊಂದರೆ ಉಳಿದರೆ, ಮೋಟಾರು ಏಳಲು ನೆರವಾಗುವ ಕೆಪ್ಯಾಸಿಟರ್ ಪರೀಕ್ಷಿಸಬೇಕು. ಅದರ ವಿಷಯ ಮುಂದಿನ ಪ್ರಶ್ನೆಯಲ್ಲೇ ಬರುತ್ತದೆ. ತಣ್ಣಗಿರುವಾಗ ತೆಗೆದ ಓಮ್ ಅಳತೆ ತಪ್ಪಿದ್ದರೆ, ಅಥವಾ ಲೋಹದ ಮೈಗೆ ಸಂಪರ್ಕ ತೋರಿದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ.

ಪ್ರಶ್ನೆ: ಎ.ಸಿ. ಹಾಕಿದರೆ ಫ್ಯಾನ್ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಗುಂಯ್ ಎಂಬ ಸದ್ದು ಬಂದು, ಕೆಲವು ಸೆಕೆಂಡುಗಳಲ್ಲಿ ಟಕ್ ಎಂದು ನಿಂತುಹೋಗುತ್ತದೆ. ಕೆಲವು ನಿಮಿಷಗಳ ನಂತರ ಅದೇ ಪುನರಾವರ್ತನೆ. ತಂಪು ಗಾಳಿ ಬರುವುದೇ ಇಲ್ಲ.

ಉತ್ತರ: ಕಂಪ್ರೆಸರ್ ಏಳಲು ಯತ್ನಿಸಿ, ಏಳಲಾಗದೆ, ಓವರ್‌ಲೋಡ್ ರಕ್ಷಕದಿಂದ ನಿಲ್ಲುತ್ತಿರುವ ಸದ್ದು ಇದು. ವೋಲ್ಟೇಜ್ ಸರಿಯಿದೆಯೆಂದು ಖಚಿತಪಡಿಸಿಕೊಂಡಿದ್ದರೆ ಕೆಪ್ಯಾಸಿಟರ್ ಮೇಲೆಯೇ ಹೆಚ್ಚಿನ ಅನುಮಾನ. ಚಾವಣಿಯ ಬಿಸಿ ಮತ್ತು ಪ್ರಯಾಣದ ಕುಲುಕಾಟ ಎರಡನ್ನೂ ತಿನ್ನುವ ಈ ಪುಟ್ಟ ಡಬ್ಬಿಯೇ ಇಡೀ ಘಟಕದಲ್ಲಿ ಬೇಗ ದಣಿಯುವ ಭಾಗಗಳಲ್ಲಿ ಒಂದು. ಮೇಲ್ಭಾಗ ಉಬ್ಬಿದ್ದರೆ ಅಥವಾ ಎಣ್ಣೆ ಜಿನುಗಿದ್ದರೆ ಪರೀಕ್ಷೆಯೇ ಬೇಡ, ಬದಲಾಯಿಸಿ. ಆದರೆ ನೋಡಲು ಚೆನ್ನಾಗಿರುವ ಕೆಪ್ಯಾಸಿಟರ್ ಕೂಡ ಒಳಗೆ ಬಲ ಕಳೆದುಕೊಂಡಿರಬಹುದು. ಅದಕ್ಕಾಗಿ ಮೈಕ್ರೋಫ್ಯಾರಡ್ ಅಳೆಯುವ ಮೀಟರ್ ಬೇಕು. ಲೇಬಲ್‌ನಲ್ಲಿ 40 ಮೈಕ್ರೋಫ್ಯಾರಡ್, ಶೇಕಡ 6ರ ವ್ಯತ್ಯಾಸ ಸಾಧ್ಯ ಎಂದು ಬರೆದಿದ್ದರೆ, 37.6ಕ್ಕಿಂತ ಕಡಿಮೆ ತೋರಿದ ಕೂಡಲೇ ಅದನ್ನು ತೆಗೆದುಹಾಕಬೇಕು. ಮೂರು ತುದಿಗಳಿರುವ ಜೋಡಿ ಕೆಪ್ಯಾಸಿಟರ್ ಆಗಿದ್ದರೆ ಒಂದು ಕಂಪ್ರೆಸರ್‌ಗೆ, ಇನ್ನೊಂದು ಫ್ಯಾನಿಗೆ, ಮೂರನೆಯದು ಎರಡಕ್ಕೂ ಸೇರಿದ್ದು. ವೈರುಗಳನ್ನು ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿದ್ಯುತ್ತನ್ನು ಕಡಿದ ಮೇಲೂ ಕೆಪ್ಯಾಸಿಟರ್ ತನ್ನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದು ಪ್ರಾಣಕ್ಕೇ ಅಪಾಯ ತರಬಲ್ಲದು. ಬ್ರೇಕರ್ ಆರಿಸುವುದರ ಜೊತೆಗೆ ಹೊರಗಿನ ಪ್ಲಗ್ಗನ್ನೂ ಕಳಚಿ, ಜನರೇಟರ್ ಮತ್ತು ಇನ್ವರ್ಟರ್ ನಿಂತಿವೆಯೇ ಎಂದು ನೋಡಿ, ಸುಮಾರು 20,000 ಓಮ್‌ನ, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಹಿಡಿಕೆಯ ಕ್ಲಿಪ್‌ಗಳಿಂದ ತುದಿಗಳ ನಡುವೆ ಹಿಡಿದು ಅದನ್ನು ಬರಿದುಮಾಡಿ, ಆಮೇಲೆ ಮೀಟರಿನಲ್ಲಿ ಸೊನ್ನೆ ಕಂಡ ನಂತರವೇ ಕೈಯಿಡಬೇಕು. ಸ್ಕ್ರೂಡ್ರೈವರ್‌ನಿಂದ ತುದಿಗಳನ್ನು ತಾಗಿಸಿ ಕಿಡಿ ಹಾರಿಸುವ ರೂಢಿಯನ್ನು ದಯವಿಟ್ಟು ಬಿಡಿ. ಇಷ್ಟೆಲ್ಲ ಅಭ್ಯಾಸವಿಲ್ಲದವರು ಈ ಕೆಲಸವನ್ನು ಬಲ್ಲವರಿಗೆ ವಹಿಸುವುದೇ ವಿವೇಕ.

ಇನ್ನೊಂದು ಮಾತು. ಎ.ಸಿ. ಆರಿಸಿದ ತಕ್ಷಣ ಮತ್ತೆ ಹಾಕಿದರೂ ಇದೇ ಸದ್ದು ಬರುತ್ತದೆ, ಆಗ ದೋಷ ಯಂತ್ರದ್ದಲ್ಲ. ಒಳಗಿನ ಒತ್ತಡ ಸಮಸ್ಥಿತಿಗೆ ಬರಲು ಮೂರರಿಂದ ಐದು ನಿಮಿಷ ಬೇಕು, ಅಲ್ಲಿಯವರೆಗೆ ಕಾಯಬೇಕು.

ಪ್ರಶ್ನೆ: ಮೊದಲ ಒಂದು ಗಂಟೆ ತಂಪು ಗಾಳಿ ಬರುತ್ತದೆ. ನಂತರ ಗಾಳಿ ಕ್ಷೀಣಿಸುತ್ತದೆ. ಮುಚ್ಚಳ ತೆಗೆದು ನೋಡಿದರೆ ಗಾಳಿಯನ್ನು ತಂಪಾಗಿಸುವ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಫಿಲ್ಟರನ್ನು ತೊಳೆದಿದ್ದೇನೆ, ಪ್ರಯೋಜನವಾಗಿಲ್ಲ. ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು ಎನ್ನುತ್ತಾರೆ. ಹೌದೇ?

ಉತ್ತರ: ಗ್ಯಾಸ್ ಕಡಿಮೆಯಾದರೂ ಮಂಜುಗಡ್ಡೆ ಕಟ್ಟುತ್ತದೆ ಎಂಬುದು ನಿಜ. ಆದರೆ ಆರ್‌ವಿಯ ವಿಷಯದಲ್ಲಿ ಅದಕ್ಕಿಂತ ಮೊದಲು ನೋಡಬೇಕಾದ, ಮನೆಯ ಎ.ಸಿ.ಯನ್ನಷ್ಟೇ ಬಲ್ಲವರಿಗೆ ಹೊಳೆಯದ, ಒಂದು ಕಾರಣವಿದೆ. ಚಾವಣಿಯಲ್ಲಿ ಎ.ಸಿ.ಗಾಗಿ ಕೊರೆದಿರುವುದು ಸಾಮಾನ್ಯವಾಗಿ 14 ಇಂಚು ಉದ್ದ, 14 ಇಂಚು ಅಗಲದ ಒಂದೇ ಒಂದು ಚೌಕದ ಕಂಡಿ. ಒಳಗಿನ ಬೆಚ್ಚನೆಯ ಗಾಳಿ ಮೇಲಕ್ಕೆ ಹೋಗುವುದೂ ತಂಪುಗಾಳಿ ಕೆಳಕ್ಕೆ ಬರುವುದೂ ಆ ಒಂದೇ ಕಂಡಿಯಲ್ಲಿ. ಎರಡರ ನಡುವೆ ಇರುವುದು ಒಂದು ತೆಳುವಾದ ಅಡ್ಡಗೋಡೆ. ಅದರ ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿಯಿದ್ದರೂ ತಂಪುಗಾಳಿಯ ಒಂದು ಪಾಲು ಕೋಣೆಗೆ ಇಳಿಯದೆ, ಅಲ್ಲಿಂದಲೇ ತಿರುಗಿ ಕಾಯಿಲ್‌ಗೆ ಹೋಗುತ್ತದೆ. ಈಗಾಗಲೇ ತಂಪಾದ ಗಾಳಿ ಮತ್ತೆ ತಂಪಾಗುತ್ತ, ಕಾಯಿಲ್‌ನ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು, ಗಾಳಿಯಲ್ಲಿನ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಗಾಳಿಯ ದಾರಿಯನ್ನು ಮುಚ್ಚುತ್ತ ಹೋದಂತೆ ಕಾಯಿಲ್ ಇನ್ನಷ್ಟು ತಣ್ಣಗಾಗುತ್ತದೆ. ಕೋಣೆ ಮಾತ್ರ ಬಿಸಿಯಾಗಿಯೇ ಉಳಿಯುತ್ತದೆ. ಹೊಸದಾಗಿ ಕೊಂಡ ವಾಹನಗಳಲ್ಲೂ ಈ ಅಡ್ಡಗೋಡೆಯನ್ನು ಅವಸರದಲ್ಲಿ ಕೂರಿಸಿರುವುದನ್ನು ಕಂಡಿದ್ದೇನೆ.

ಇದನ್ನು ಪತ್ತೆಹಚ್ಚಲು ಎರಡು ಥರ್ಮಾಮೀಟರ್ ಸಾಕು. ಮಂಜುಗಡ್ಡೆ ಪೂರ್ತಿ ಕರಗಿದ ಮೇಲೆ ಫ್ಯಾನನ್ನು ಹೆಚ್ಚಿನ ವೇಗದಲ್ಲಿಟ್ಟು ಎ.ಸಿ.ಯನ್ನು 20 ನಿಮಿಷ ಓಡಿಸಿ. ಒಂದು ಥರ್ಮಾಮೀಟರನ್ನು ಕೋಣೆಯ ನಡುವೆ, ಇನ್ನೊಂದನ್ನು ಫಿಲ್ಟರಿನ ಹಿಂದೆ, ಗಾಳಿ ಮೇಲಕ್ಕೆ ಹೋಗುವ ಜಾಗದಲ್ಲಿಡಿ. ಎರಡೂ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬೇಕು. ಫಿಲ್ಟರಿನ ಹಿಂದಿನದು ಮೂರು ನಾಲ್ಕು ಡಿಗ್ರಿ ಕಡಿಮೆ ತೋರಿಸಿದರೆ ತಂಪುಗಾಳಿ ಅಲ್ಲಿ ಬೆರೆಯುತ್ತಿದೆ. ಆಗ ಒಳಗಿನ ಮುಚ್ಚಳ ಇಳಿಸಿ, ಅಡ್ಡಗೋಡೆಯ ಅಂಚುಗಳನ್ನೂ ಪಕ್ಕದ ಡಕ್ಟ್ ಸೇರುವ ಜಾಗವನ್ನೂ ಅಲ್ಯೂಮಿನಿಯಂ ಫಾಯಿಲ್ ಟೇಪ್‌ನಿಂದ ಗಾಳಿಯಾಡದಂತೆ ಮುಚ್ಚಿ. ಬಟ್ಟೆಯ ಟೇಪ್ ಬೇಡ, ಬಿಸಿ ಮತ್ತು ತೇವಕ್ಕೆ ಅದರ ಅಂಟು ಬಿಟ್ಟುಕೊಳ್ಳುತ್ತದೆ. ಎಲ್ಲವೂ ಸರಿಯಾದಾಗ ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಸುಮಾರು 9ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರ ಇರುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ ಇದಕ್ಕಿಂತ ತುಸು ಕಡಿಮೆ.

ಇನ್ನು ಗ್ಯಾಸಿನ ವಿಷಯ. ಗ್ಯಾಸ್ ಎಂಬುದು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಬೆಸುಗೆ ಹಾಕಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಆ ಸೋರಿಕೆಯನ್ನು ಮುಚ್ಚದೆ ತುಂಬಿಸಿದ್ದು ಮತ್ತೆ ಹೋಗಿಯೇ ಹೋಗುತ್ತದೆ. ಬಹುತೇಕ ಚಾವಣಿ ಎ.ಸಿ.ಗಳಲ್ಲಿ ಗ್ಯಾಸ್ ತುಂಬಲು ವಾಲ್ವ್ ಕೂಡ ಇರುವುದಿಲ್ಲ. ಕೊಳವೆಯನ್ನು ಚುಚ್ಚಿ ಹೊಸ ವಾಲ್ವ್ ಕೂರಿಸಬೇಕಾಗುತ್ತದೆ, ಅದೇ ಮತ್ತೊಂದು ಸೋರಿಕೆಗೆ ದಾರಿಯಾಗಬಹುದು. ಒಳಗಿರುವ ಪ್ರಮಾಣ ಎಷ್ಟು ಅಲ್ಪವೆಂದರೆ, ಅಂದಾಜಿನ ಮೇಲೆ ತುಂಬಿದರೆ ಹೆಚ್ಚಾಗುವುದು ಸುಲಭ. ಲೇಬಲ್‌ನಲ್ಲಿ ಬರೆದ ತೂಕವನ್ನು ತಕ್ಕಡಿಯಲ್ಲಿಟ್ಟೇ ತುಂಬಬೇಕು. ನಿಜಕ್ಕೂ ಸೋರಿದೆಯೇ ಎಂದು ತಿಳಿಯಲು ಕ್ಲ್ಯಾಂಪ್ ಮೀಟರಿನಿಂದ ಕರೆಂಟನ್ನು ಅಳೆಯಿರಿ. ಗ್ಯಾಸ್ ಕಡಿಮೆಯಿದ್ದರೆ ಕಂಪ್ರೆಸರ್‌ಗೆ ಹೊರೆಯೇ ಇಲ್ಲದೆ ಲೇಬಲ್‌ನಲ್ಲಿರುವುದಕ್ಕಿಂತ ಸಾಕಷ್ಟು ಕಡಿಮೆ ಆಂಪಿಯರ್ ತೋರಿಸುತ್ತದೆ, ಮಂಜುಗಡ್ಡೆಯೂ ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಕಟ್ಟಿಕೊಳ್ಳುತ್ತದೆ. ಸೋರಿದ ಜಾಗದಲ್ಲಿ ಹಲವು ವೇಳೆ ಎಣ್ಣೆಯ ಕಲೆ ಕಾಣುತ್ತದೆ. ಹಾಗಿದ್ದರೆ ಘಟಕವನ್ನು ಬದಲಾಯಿಸುವುದೇ ಸಾಮಾನ್ಯವಾಗಿ ಲಾಭಕರ. ಯಾರೇ ಕೊಳವೆ ಬಿಚ್ಚಿದರೂ ಗ್ಯಾಸನ್ನು ಗಾಳಿಗೆ ಬಿಡಲು ಒಪ್ಪಬೇಡಿ: ಆರ್-410ಎ ಎಂಬ ಅನಿಲವು ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 2,000 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಹಳೆಯ ಘಟಕಗಳ ಆರ್-22 ಓಜೋನ್ ಪದರಕ್ಕೂ ಹಾನಿಕರ.

ಪ್ರಶ್ನೆ: ಹೊರಗಿನ ವಿದ್ಯುತ್ ಸಂಪರ್ಕ ಇದೆ, ಮೈಕ್ರೋವೇವ್ ಓಡುತ್ತಿದೆ, ಬ್ರೇಕರ್‌ಗಳೆಲ್ಲ ಸರಿಯಿವೆ. ಆದರೆ ಎ.ಸಿ.ಯ ಥರ್ಮೋಸ್ಟಾಟ್ ಪರದೆಯಲ್ಲಿ ಏನೂ ಕಾಣುವುದಿಲ್ಲ, ಎ.ಸಿ. ಜೀವವೇ ಇಲ್ಲದಂತಿದೆ.

ಉತ್ತರ: ಗೋಡೆಯ ಥರ್ಮೋಸ್ಟಾಟ್ ಇರುವ ಬಹುತೇಕ ಆರ್‌ವಿಗಳಲ್ಲಿ ಅದೂ ಎ.ಸಿ.ಯ ನಿಯಂತ್ರಣ ಫಲಕವೂ ಓಡುವುದು ವಾಹನದ 12 ವೋಲ್ಟ್ ಬ್ಯಾಟರಿ ವ್ಯವಸ್ಥೆಯಿಂದ. ಮೈಕ್ರೋವೇವ್ ಓಡುತ್ತಿದೆ ಎಂಬುದು ಇಲ್ಲಿ ಸಾಕ್ಷಿಯಾಗುವುದಿಲ್ಲ. ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್ ಆರಿದೆಯೇ, ಬ್ಯಾಟರಿ ಬರಿದಾಗಿದೆಯೇ, ಅದನ್ನು ಚಾರ್ಜ್ ಮಾಡುವ ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಹೊರಗಿನ ವಿದ್ಯುತ್ತು ಇರುವಾಗ ಬ್ಯಾಟರಿಯ ತುದಿಗಳಲ್ಲಿ 13 ವೋಲ್ಟಿಗಿಂತ ಹೆಚ್ಚು ಕಾಣಬೇಕು. ಆಮೇಲೆ 12 ವೋಲ್ಟಿನ ಫ್ಯೂಸ್‌ಗಳನ್ನೂ ನಿಯಂತ್ರಣ ಫಲಕದ ಮೇಲೆಯೇ ಕೂರಿಸಿರುವ ಪುಟ್ಟ ಫ್ಯೂಸನ್ನೂ ಪರೀಕ್ಷಿಸಿ. ಒಮ್ಮೆ ವೋಲ್ಟೇಜ್ ಏರಿಳಿದ ಮೇಲೆ ಫಲಕ ತಬ್ಬಿಬ್ಬಾಗಿದ್ದರೆ, ಎರಡೂ ಬಗೆಯ ವಿದ್ಯುತ್ತನ್ನು ಕೆಲವು ನಿಮಿಷ ಕಡಿದು ಮತ್ತೆ ಕೊಟ್ಟಾಗ ಸರಿಹೋಗುವುದೂ ಉಂಟು.

ಪ್ರಶ್ನೆ: ಎ.ಸಿ.ಯ ಕೆಳಗಿನ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಚಾವಣಿಯ ಮೇಲೆ ಎ.ಸಿ.ಯ ಸುತ್ತ ಸೀಲೆಂಟ್ ಹಚ್ಚಿದ ಮೇಲೆ ತೊಂದರೆ ಇನ್ನೂ ಹೆಚ್ಚಾಯಿತು.

ಉತ್ತರ: ಹೆಚ್ಚಾದದ್ದು ಆ ಸೀಲೆಂಟಿನಿಂದಲೇ ಇರಬೇಕು. ಕಾಯಿಲ್‌ನಿಂದ ಇಳಿಯುವ ನೀರು ಘಟಕದ ತಳದ ತಟ್ಟೆಯಲ್ಲಿ ಸಂಗ್ರಹವಾಗಿ, ಅಲ್ಲಿನ ರಂಧ್ರಗಳ ಮೂಲಕ ಚಾವಣಿಯ ಮೇಲೆ ಹರಿದುಹೋಗುವಂತೆ ಇದನ್ನು ರೂಪಿಸಿದ್ದಾರೆ. ತಳದ ಸುತ್ತ ಸೀಲೆಂಟ್ ಹಚ್ಚಿದರೆ ಆ ನೀರಿಗೆ ಹೊರದಾರಿ ಇಲ್ಲವಾಗಿ ಒಳಗೆ ಇಳಿಯುತ್ತದೆ. ಮೊದಲು ಅದನ್ನು ಎಚ್ಚರಿಕೆಯಿಂದ ಕೆರೆದು ತೆಗೆಯಿರಿ. ಮಳೆಯಿಲ್ಲದ ದಿನ ಎ.ಸಿ. ಓಡುವಾಗ ಮಾತ್ರ ತೊಟ್ಟಿಕ್ಕಿದರೆ ತಟ್ಟೆಯ ರಂಧ್ರಗಳು ಕಸದಿಂದ ಮುಚ್ಚಿವೆ, ಇಲ್ಲವೇ ವಾಹನ ಮಟ್ಟವಾಗಿ ನಿಂತಿಲ್ಲ. ಎ.ಸಿ. ಆರಿರುವಾಗ, ಮಳೆಯಲ್ಲಿ ಮಾತ್ರ ತೊಟ್ಟಿಕ್ಕಿದರೆ ಕಂಡಿಯ ಸುತ್ತಲಿನ ಗ್ಯಾಸ್ಕೆಟ್ ಸಡಿಲವಾಗಿದೆ. ಒಳಗಿನ ಮುಚ್ಚಳ ತೆಗೆದರೆ ಘಟಕವನ್ನು ಚಾವಣಿಗೆ ಬಿಗಿದಿರುವ ಬೋಲ್ಟುಗಳು ಕಾಣುತ್ತವೆ. ಗ್ಯಾಸ್ಕೆಟ್ ತನ್ನ ದಪ್ಪದ ಅರ್ಧದಷ್ಟಕ್ಕೆ ಅದುಮಿಕೊಳ್ಳುವವರೆಗೆ ಅವುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪೂರ್ತಿ ಚಪ್ಪಟೆಯಾಗುವಂತೆ ಬಿಗಿದರೆ ಚಾವಣಿ ಬಾಗಿ, ಘಟಕದ ಸುತ್ತ ನೀರು ನಿಲ್ಲಲು ಶುರುವಾಗುತ್ತದೆ.

ಪ್ರಶ್ನೆ: ನಮ್ಮ 3,000 ವ್ಯಾಟಿನ ಜನರೇಟರ್ ಬಯಲಿನಲ್ಲಿ ಎ.ಸಿ.ಯನ್ನು ಸಲೀಸಾಗಿ ಓಡಿಸುತ್ತದೆ. ಬೆಟ್ಟದ ಮೇಲೆ ಹೋದಾಗ ಕಂಪ್ರೆಸರ್ ಏಳುವ ಹೊತ್ತಿಗೆ ಸೋತು ನಿಂತುಬಿಡುತ್ತದೆ. ದೊಡ್ಡದನ್ನೇ ಕೊಳ್ಳಬೇಕೇ?

ಉತ್ತರ: ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ಎಂಜಿನ್ನಿನ ಶಕ್ತಿ ಪ್ರತಿ 300 ಮೀಟರಿಗೆ ಸುಮಾರು ಶೇಕಡ 3.5ರಷ್ಟು ಇಳಿಯುತ್ತದೆ. 1,500 ಮೀಟರ್ ಎತ್ತರದಲ್ಲಿ ನಿಮ್ಮ 3,000 ವ್ಯಾಟ್ 2,500ರ ಆಸುಪಾಸಿಗೆ ಬಂದಿರುತ್ತದೆ. ಓಡಿಸಲು ಅಷ್ಟು ಸಾಕು, ಎಬ್ಬಿಸಲು ಸಾಲದು. ದೊಡ್ಡ ಜನರೇಟರ್ ಕೊಳ್ಳುವ ಮೊದಲು ಕಂಪ್ರೆಸರ್‌ಗೆ ಸಾಫ್ಟ್ ಸ್ಟಾರ್ಟರ್ ಹಾಕಿಸಿ ನೋಡಿ. ಅದು ಆರಂಭದ ಕರೆಂಟನ್ನು ಅರ್ಧಕ್ಕಿಂತಲೂ ಕೆಳಗಿಳಿಸಬಲ್ಲದು. ಇಕೋ ಮೋಡ್ ಇರುವ ಜನರೇಟರ್ ಆಗಿದ್ದರೆ ಎ.ಸಿ. ಹಾಕುವ ಮೊದಲು ಆ ಮೋಡನ್ನು ನಿಲ್ಲಿಸಿ, ಏಕೆಂದರೆ ಕಂಪ್ರೆಸರ್ ಕೇಳುವ ಕ್ಷಣದಲ್ಲಿ ಎಂಜಿನ್ ನಿಧಾನಗತಿಯಿಂದ ಏರಿಕೊಳ್ಳುವಷ್ಟರಲ್ಲಿ ವೋಲ್ಟೇಜ್ ಬಿದ್ದುಹೋಗಿರುತ್ತದೆ. ಮೊದಲು ಐದು ನಿಮಿಷ ಬರೀ ಫ್ಯಾನ್ ಓಡಿಸಿ, ನೀರಿನ ಹೀಟರ್ ಮತ್ತು ಬ್ಯಾಟರಿ ಚಾರ್ಜರ್ ಆರಿಸಿ, ಆಮೇಲೆ ತಂಪಿಗೆ ತಿರುಗಿಸಿ. ಜನರೇಟರಿನ ಹೊಗೆ ಕಿಟಕಿಗಳತ್ತ ಬಾರದಂತೆ ಗಾಳಿಯ ದಿಕ್ಕು ನೋಡಿ ಇಡುವುದನ್ನೂ, ಮಲಗುವ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ಪರೀಕ್ಷಿಸುವುದನ್ನೂ ಮರೆಯಬೇಡಿ.